ಸಿಗರೇಟ್ ಬದಲು ನಿಕೋಟಿನ್ ಪೌಚ್ ಇಡುತ್ತಿದ್ದೇನೆ, ಪರವಾಗಿಲ್ವಾ?

ಪ್ರಶ್ನೆ: "ಡಾಕ್ಟ್ರೇ, ನನಗೆ 31 ವರ್ಷ. ಬೆಳ್ಳಂದೂರಿನ ಹತ್ತಿರ ಸಾಫ್ಟ್‌ವೇರ್ ಕೆಲಸ. ಎಂಟು ವರ್ಷದಿಂದ ದಿನಕ್ಕೆ ಒಂಬತ್ತು ಹತ್ತು ಸಿಗರೇಟ್ ಸೇದುತ್ತಿದ್ದೆ. ಮೂರು ತಿಂಗಳ ಹಿಂದೆ ಗೆಳೆಯನೊಬ್ಬ ಹೊರದೇಶದಿಂದ ಬರುವಾಗ ನಿಕೋಟಿನ್ ಪೌಚ್, ಅಂದರೆ ತುಟಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಚೀಲಗಳ ಡಬ್ಬಿಗಳನ್ನು ತಂದುಕೊಟ್ಟ. ಪುದೀನ ರುಚಿ, 6 ಮಿಲಿಗ್ರಾಂ. ಹೊಗೆ ಇಲ್ಲ, ವಾಸನೆ ಇಲ್ಲ, ಮೀಟಿಂಗಿನಲ್ಲೂ ಇಟ್ಟುಕೊಳ್ಳಬಹುದು. ಈಗ ದಿನಕ್ಕೆ ಎಂಟು ಪೌಚ್ ಆಗುತ್ತಿದೆ. ಸಿಗರೇಟ್ ಎರಡಕ್ಕೆ ಇಳಿದಿದೆ, ಬೆಳಗ್ಗೆ ಕಾಫಿ ಜೊತೆ ಒಂದು, ರಾತ್ರಿ ಊಟದ ಮೇಲೆ ಒಂದು. ಕೆಮ್ಮು ಹೋಗಿದೆ. ಆದರೆ ಎಡಗಡೆ ಮೇಲಿನ ತುಟಿಯ ಒಳಗೆ, ಪೌಚ್ ಇಡುವ ಜಾಗದಲ್ಲಿ, ಬೆಳ್ಳಗೆ ಸುಕ್ಕು ಸುಕ್ಕಾಗಿದೆ. ಒಬ್ಬರು ಇದರಲ್ಲಿ ತಂಬಾಕೇ ಇಲ್ಲ, ಏನೂ ಆಗಲ್ಲ ಅಂತಾರೆ. ಇನ್ನೊಬ್ಬರು ಒಂದು ಪೌಚ್ ಆರು ಸಿಗರೇಟಿಗೆ ಸಮ, ಬಾಯಿ ಕ್ಯಾನ್ಸರ್ ಗ್ಯಾರಂಟಿ ಅಂತ ಹೆದರಿಸುತ್ತಾರೆ. ಯಾವುದು ನಿಜ? ಮಂಡ್ಯದಲ್ಲಿರುವ ನಮ್ಮ ತಂದೆಗೆ 62, ಬಿಪಿ ಮಾತ್ರೆ ತಗೊಳ್ತಾರೆ, ನಲವತ್ತು ವರ್ಷದಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಅವರಿಗೂ ಇದನ್ನೇ ಕೊಡಬಹುದಾ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಹೊಗೆಯಿಂದ ಅವಳಿಗೆ ತೊಂದರೆ ಆಗಬಾರದು ಅಂತಲೇ ನಾನು ಇದನ್ನು ಶುರು ಮಾಡಿದ್ದು."

ಉತ್ತರ: ಮೊದಲು ಒಂದು ಕೆಲಸ ಹೇಳುತ್ತೇನೆ, ಓದುವುದನ್ನು ನಿಲ್ಲಿಸಿ ಮಾಡಿ ಬನ್ನಿ. ಆ ಡಬ್ಬಿ ಈಗ ಎಲ್ಲಿದೆ? ಟೀವಿ ಸ್ಟ್ಯಾಂಡ್ ಮೇಲಾ, ಲ್ಯಾಪ್‌ಟಾಪ್ ಬ್ಯಾಗಿನ ಹೊರಗಿನ ಜೇಬಿನಲ್ಲಾ? ಎಲ್ಲಿದ್ದರೂ ತೆಗೆದು, ಬೀಗ ಹಾಕುವ ಬೀರುವಿನಲ್ಲಿ ಮೇಲಿನ ಅರೆಯಲ್ಲಿ ಇಡಿ.

ನನ್ನ ಮುಂದೆ ಇಂಥ ಡಬ್ಬಿ ತೆಗೆದು ತೋರಿಸಿದವರು ಈಚೆಗೆ ಜಾಸ್ತಿ ಆಗಿದ್ದಾರೆ. ಅಂಗೈಯಲ್ಲಿ ಹಿಡಿಯುವಷ್ಟು ದುಂಡಗಿನ ಪ್ಲಾಸ್ಟಿಕ್ ಡಬ್ಬಿ. ಒಳಗೆ ಸಾಲಾಗಿ ಬಿಳಿ ಚೀಲಗಳು, ಮುಚ್ಚಳದ ಮೇಲೆ ಬಳಸಿದ್ದನ್ನು ಹಾಕಲು ಇನ್ನೊಂದು ಪುಟ್ಟ ಖಾನೆ. ತೆರೆದರೆ ಪೆಪ್ಪರ್‌ಮಿಂಟ್ ವಾಸನೆ. ಎರಡು ವರ್ಷದ ಮಗುವಿಗೆ ಅದು ಮಿಠಾಯಿ ಡಬ್ಬಿ ಅಲ್ಲದೆ ಇನ್ನೇನೂ ಅಲ್ಲ. ನೀವು ಬಳಸಿ ಬಿಸಾಡಿದ ಪೌಚಿನಲ್ಲೂ ಸುಮಾರು ಅರ್ಧದಷ್ಟು ನಿಕೋಟಿನ್ ಉಳಿದಿರುತ್ತದೆ, ಹಾಗಾಗಿ ಆ ಮೇಲಿನ ಖಾನೆಯೂ, ಮನೆಯ ಕಸದ ಬುಟ್ಟಿಯೂ ಅಷ್ಟೇ ಅಪಾಯ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳ ಲೆಕ್ಕ ನೋಡಿದರೆ, ಆರು ವರ್ಷದೊಳಗಿನ ಮಕ್ಕಳು ಪೌಚ್ ಬಾಯಿಗೆ ಹಾಕಿಕೊಂಡ ಪ್ರಕರಣಗಳ ಪ್ರಮಾಣ 2020ರಿಂದ 2023ರೊಳಗೆ ಎಂಟು ಪಟ್ಟಿಗೂ ಮೀರಿ ಏರಿದೆ. ದೇವರ ದಯೆಯಿಂದ ಹಾಗಾಗದಿರಲಿ. ಆದರೂ ಗೊತ್ತಿರಲಿ: ಮಗು ಬಾಯಿಗೆ ಹಾಕಿಕೊಂಡರೆ ಪೌಚ್ ತೆಗೆದು, ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಾಂತಿ ಮಾಡಿಸಲು ಹೋಗಬೇಡಿ. ಜೊಲ್ಲು ಸುರಿಯುವುದು, ವಾಂತಿ, ಮುಖ ಬಿಳಿಚಿಕೊಳ್ಳುವುದು, ಮಂಕಾಗುವುದು, ಇವು ಕಾಣುವ ತನಕ ಕಾಯುವುದೂ ಬೇಡ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಎಷ್ಟು ಮಿಲಿಗ್ರಾಂ ಅಂತ ಡಾಕ್ಟರಿಗೆ ಗೊತ್ತಾಗಬೇಕು.

ಈಗ ನಿಮ್ಮ ವಿಷಯ. ನಾನು ಹಲ್ಲಿನ ಡಾಕ್ಟರು, ತಂಬಾಕು ಬಿಡಿಸುವ ಕೆಲಸವನ್ನೂ ಬಹಳ ವರ್ಷದಿಂದ ಮಾಡುತ್ತಿದ್ದೇನೆ. ಪೌಚ್ ಒಳ್ಳೆಯದಾ ಕೆಟ್ಟದ್ದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಅದು ಯಾವುದರ ಜಾಗಕ್ಕೆ ಬಂದಿದೆ? ದಿನಕ್ಕೆ ಹತ್ತು ಸಿಗರೇಟ್ ಸೇದುತ್ತಿದ್ದವರು ಅದನ್ನು ಪೂರ್ತಿ ಬಿಟ್ಟು ಪೌಚಿಗೆ ಬಂದಿದ್ದರೆ ಅದು ಲಾಭ. ಸಿಗರೇಟನ್ನೇ ಮುಟ್ಟದ 22ರ ಹುಡುಗ ಗೆಳೆಯರ ಜೊತೆ ಸುಮ್ನೆ ಶುರು ಮಾಡಿದ್ದರೆ ಅವನಿಗೆ ಬಂದದ್ದು ಒಂದು ಚಟ ಮಾತ್ರ. ನೀವು ಇವೆರಡರ ನಡುವೆ ನಿಂತಿದ್ದೀರಿ. ಎಂಟು ಪೌಚ್ ಬಂದಿವೆ, ಎರಡು ಸಿಗರೇಟ್ ಇನ್ನೂ ಹೋಗಿಲ್ಲ.

"ತಂಬಾಕೇ ಇಲ್ಲ, ಏನೂ ಆಗಲ್ಲ" ಅನ್ನುವ ಮಾತಿನಲ್ಲಿ ಮೊದಲರ್ಧ ನಿಜ. ಅದರಲ್ಲಿ ತಂಬಾಕಿನ ಎಲೆ ಇರುವುದಿಲ್ಲ. ಗಿಡದ ನಾರಿನ ಪುಡಿ, ನಿಕೋಟಿನ್, ಸಿಹಿ, ಸುವಾಸನೆ ಇರುತ್ತದೆ, ಜೊತೆಗೆ ಸೋಡಿಯಂ ಕಾರ್ಬೊನೇಟ್‌ನಂಥ ಒಂದು ಕ್ಷಾರ. ಈ ಕ್ಷಾರ ಯಾಕೆ ಅಂತ ನಿಮ್ಮ ತಂದೆಯನ್ನು ನೋಡಿದರೆ ತಿಳಿಯುತ್ತದೆ. ಅವರು ಹೊಗೆಸೊಪ್ಪಿಗೆ ಯಾಕೆ ಸುಣ್ಣ ಹಚ್ಚುತ್ತಾರೆ? ಸುಣ್ಣ ಸೇರಿದರೆ ಬಾಯಿಯೊಳಗೆ ಕ್ಷಾರ ಜಾಸ್ತಿ ಆಗಿ ನಿಕೋಟಿನ್ ಬಿಡುಗಡೆಯಾಗುತ್ತದೆ, ಕೆನ್ನೆಯ ತೆಳು ಪೊರೆ ದಾಟಿ ಬೇಗ ರಕ್ತಕ್ಕೆ ಇಳಿಯುತ್ತದೆ. ಪೌಚ್ ಮಾಡುವ ಕಂಪನಿಗಳು ಅದೇ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡುತ್ತವೆ. ನಿಮ್ಮ ತುಟಿಯೊಳಗಿನ ಆ ಉರಿ, ಚುರುಚುರು ಅನ್ನುವುದು ಪುದೀನದ್ದು ಮಾತ್ರ ಅಂತ ತಿಳಿಯಬೇಡಿ. ಇನ್ನು "ಏನೂ ಆಗಲ್ಲ" ಅನ್ನುವುದು ಸುಳ್ಳು, ಅದಕ್ಕೆ ಬರುತ್ತೇನೆ.

"ಬಾಯಿ ಕ್ಯಾನ್ಸರ್ ಗ್ಯಾರಂಟಿ" ಅನ್ನುವುದೂ ಸರಿಯಲ್ಲ. ಸಿಗರೇಟಿನಿಂದ ಕ್ಯಾನ್ಸರ್ ಬರುವುದು ಮುಖ್ಯವಾಗಿ ಎಲೆ ಸುಟ್ಟಾಗ ಏಳುವ ಹೊಗೆಯಿಂದ. ಅದರಲ್ಲಿ ಸುಮಾರು 7,000 ರಾಸಾಯನಿಕಗಳಿವೆ, 70ರಷ್ಟು ಕ್ಯಾನ್ಸರ್ ತರುವಂಥವು. ಹೊಗೆಸೊಪ್ಪು, ಖೈನಿಯಲ್ಲಿ ಎಲೆಯನ್ನು ಒಣಗಿಸಿ ಹದ ಮಾಡುವಾಗ ಹುಟ್ಟುವ ನೈಟ್ರೋಸಮೈನ್ ಅನ್ನುವ ಕ್ಯಾನ್ಸರ್ ತರುವ ರಾಸಾಯನಿಕಗಳೇ ದೊಡ್ಡ ಶತ್ರು. ಪೌಚಿನಲ್ಲಿ ಹೊಗೆ ಇಲ್ಲ, ಎಲೆ ಇಲ್ಲ, ಆದ್ದರಿಂದ ಇವು ಇಲ್ಲವೇ ಇಲ್ಲ ಅಥವಾ ಬಹಳ ಕಡಿಮೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ ಜಿನ್ ಅನ್ನುವ ಬ್ರಾಂಡಿನ 20 ಪೌಚ್‌ಗಳ ಮಾರಾಟಕ್ಕೆ ಒಪ್ಪಿಗೆ ಕೊಟ್ಟದ್ದು ಇದೇ ಆಧಾರದ ಮೇಲೆ. ಸಿಗರೇಟ್ ಮತ್ತು ಹೆಚ್ಚಿನ ಜಗಿಯುವ ತಂಬಾಕಿಗಿಂತ ಕ್ಯಾನ್ಸರಿನ ಅಪಾಯ ಕಡಿಮೆ ಅಂತ ಅದು ಹೇಳಿತು. ಆದರೆ ಇದು ಸುರಕ್ಷಿತ ಅಂತ ಅರ್ಥವಲ್ಲ ಅನ್ನುವುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿತು. ನೆನಪಿಡಿ, ಇಂದಿನ ಮಾದರಿಯ ಪೌಚ್‌ಗಳು ಮಾರುಕಟ್ಟೆಗೆ ಬಂದು ಹತ್ತು ಹನ್ನೆರಡು ವರ್ಷ ಆಗಿರಬಹುದು. ಬಾಯಿ ಕ್ಯಾನ್ಸರ್ ಬೆಳೆಯಲು ಅದಕ್ಕಿಂತ ಜಾಸ್ತಿ ಕಾಲ ಬೇಕು. ಮೂವತ್ತು ವರ್ಷ ಪೌಚ್ ಇಟ್ಟವರ ಬಾಯಿಯನ್ನು ನಾನೂ ನೋಡಿಲ್ಲ, ಯಾರೂ ನೋಡಿಲ್ಲ.

ಇಲ್ಲೊಂದು ಎಚ್ಚರಿಕೆ. ನಮ್ಮ ಬೀಡಾ ಅಂಗಡಿಗಳಲ್ಲಿ ಕೂಲ್ ಲಿಪ್ ಅಂತಲೋ, ಫಿಲ್ಟರ್ ಖೈನಿ ಅಂತಲೋ ಸಿಗುವ ಪುಟ್ಟ ಚೀಲಗಳು ನೋಡಲು ಹೀಗೇ ಇರುತ್ತವೆ. ಅವುಗಳೊಳಗೆ ಇರುವುದು ಅಪ್ಪಟ ತಂಬಾಕು. ಕಾಲೇಜು ಹುಡುಗರು ಎರಡೂ ಒಂದೇ ಅಂದುಕೊಂಡು ನನ್ನ ಹತ್ತಿರ ವಾದ ಮಾಡಿದ್ದಾರೆ. ಹೊರದೇಶದ ಡಬ್ಬಿ ಮುಗಿದಾಗ "ಇದೂ ಅದೇ ಅಲ್ವಾ" ಅಂತ ಅದನ್ನು ಕೊಳ್ಳಬೇಡಿ.

"ಒಂದು ಪೌಚ್ ಆರು ಸಿಗರೇಟಿಗೆ ಸಮ" ಅನ್ನುವ ಲೆಕ್ಕ ತಪ್ಪು, ಆದರೆ ನೀವು ಅಂದುಕೊಂಡಷ್ಟು ಹಗುರವೂ ಅಲ್ಲ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಹೆಚ್ಚುಕಡಿಮೆ ಒಂದರಿಂದ ಎರಡು ಮಿಲಿಗ್ರಾಂ ನಿಕೋಟಿನ್. 6 ಮಿಲಿಗ್ರಾಂ ಪೌಚಿನಿಂದ ಅರ್ಧದಷ್ಟು ಹೊರಬರುತ್ತದೆ, ಅದರಲ್ಲೂ ಸ್ವಲ್ಪ ಜೊಲ್ಲಿನ ಜೊತೆ ನುಂಗಿ ಹೋಗುತ್ತದೆ. ಅಂದರೆ ಒಂದು ಪೌಚ್ ಒಂದು ಸಿಗರೇಟಿಗೆ ಸಮ, ಕೆಲವರಲ್ಲಿ ಜಾಸ್ತಿ. ಈಗ ನಿಮ್ಮ ದಿನದ ಲೆಕ್ಕ ಹಾಕಿ. ಮೊದಲು ಹತ್ತು ಸಿಗರೇಟ್. ಈಗ ಎಂಟು ಪೌಚ್, ಎರಡು ಸಿಗರೇಟ್. ಹೊಗೆ ಕಡಿಮೆ ಆಗಿದೆ, ನಿಜ, ಕೆಮ್ಮು ಹೋಗಿದ್ದು ಅದಕ್ಕೇ, ಅದು ಸಣ್ಣ ಮಾತಲ್ಲ. ಆದರೆ ನಿಕೋಟಿನ್ ಒಂದು ಚೂರೂ ಕಡಿಮೆ ಆಗಿಲ್ಲ.

ಯಾಕೆ ಹೀಗಾಗುತ್ತದೆ ಅಂದರೆ, ಸಿಗರೇಟಿಗೆ ಕೆಲವು ಬೇಲಿಗಳಿದ್ದವು. ಸೇದಬೇಕು ಅಂದರೆ ಸೀಟಿನಿಂದ ಏಳಬೇಕು, ಲಿಫ್ಟ್ ಇಳಿಯಬೇಕು, ಗೇಟ್ ಹೊರಗೆ ಬೇಕರಿ ಮುಂದೆ ನಿಲ್ಲಬೇಕು, ಮಳೆ ಬಂದರೆ ನೆನೆಯಬೇಕು, ಮನೆಗೆ ಬಂದರೆ ವಾಸನೆ ಮುಚ್ಚಿಕೊಳ್ಳಬೇಕು. ಪೌಚಿಗೆ ಇದು ಯಾವುದೂ ಇಲ್ಲ. ಮೀಟಿಂಗಿನಲ್ಲಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ, ಮಗಳನ್ನು ಮಲಗಿಸುವಾಗಲೂ ಇಟ್ಟುಕೊಳ್ಳಬಹುದು. ನನ್ನ ಹತ್ತಿರ ಬರುತ್ತಿದ್ದ ಬ್ಯಾಂಕ್ ನೌಕರರೊಬ್ಬರು ಒಂದೇ ವಾರದಲ್ಲಿ ಸಿಗರೇಟ್ ಪೂರ್ತಿ ಬಿಟ್ಟರು, ನನಗೆ ತುಂಬಾ ಸಂತೋಷ ಆಗಿತ್ತು. ಆರು ತಿಂಗಳ ಮೇಲೆ ಬಂದಾಗ ದಿನಕ್ಕೆ ಹದಿನಾಲ್ಕು ಪೌಚ್. ರಾತ್ರಿ ಮೂರು ಗಂಟೆಗೆ ಎಚ್ಚರ ಆಗಿ, ಲೈಟ್ ಹಾಕದೆ ತಲೆದಿಂಬಿನ ಪಕ್ಕ ಕೈಯಾಡಿಸಿ ಒಂದು ಇಟ್ಟುಕೊಂಡು ಮತ್ತೆ ಮಲಗುತ್ತಿದ್ದರಂತೆ. ಸಿಗರೇಟಿನ ಕಾಲದಲ್ಲಿ ಅವರು ಒಂದು ದಿನವೂ ರಾತ್ರಿ ಎದ್ದವರಲ್ಲ.

ನಿಕೋಟಿನ್ ದೇಹಕ್ಕೆ ಮಾಡುವುದು ಏನು? ಎದೆಬಡಿತ ಏರಿಸುತ್ತದೆ, ಬಿಪಿ ಏರಿಸುತ್ತದೆ, ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಿಕ್ಕಳಿಕೆ, ಹೊಟ್ಟೆ ತೊಳಸುವುದು, ತಲೆಸುತ್ತು, ನಿದ್ದೆ ಕೆಡುವುದು ಸಾಮಾನ್ಯ. ಆರೋಗ್ಯವಾಗಿರುವ 31ರ ದೇಹ ಇದನ್ನು ತಡೆದುಕೊಳ್ಳಬಹುದು, ಹೃದಯದ ತೊಂದರೆ ಇರುವವರು ತಡೆಯಲಾರರು. ಬಸಿರಿನಲ್ಲಿ ಬೇಡವೇ ಬೇಡ, ನಿಕೋಟಿನ್ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಹದಿಹರೆಯದವರ ಮೆದುಳು 25ರ ತನಕ ಬೆಳೆಯುತ್ತಲೇ ಇರುತ್ತದೆ, ಆ ವಯಸ್ಸಿನಲ್ಲಿ ಹತ್ತಿದ ನಿಕೋಟಿನ್ ಚಟ ಬಿಡುವುದು ಬಹಳ ಕಷ್ಟ.

ನಿಮ್ಮ ಆ ಬಿಳಿ ಸುಕ್ಕು. ಒಂದೇ ಜಾಗದಲ್ಲಿ ದಿನಕ್ಕೆ ಎಂಟು ಸಲ, ಪ್ರತಿ ಸಲ ಅರ್ಧ ಗಂಟೆ, ಕ್ಷಾರ ತುಂಬಿದ ಚೀಲ ಒತ್ತಿಕೊಂಡು ಕೂತರೆ ತುಟಿಯ ಒಳಪೊರೆ ದಪ್ಪಗಾಗುತ್ತದೆ, ಅಂಗಾಲಿನಲ್ಲಿ ಚಪ್ಪಲಿ ಉಜ್ಜಿದ ಕಡೆ ಆಗುವಂತೆ. ಹೆಚ್ಚಿನವರಲ್ಲಿ ಇಡುವುದನ್ನು ನಿಲ್ಲಿಸಿದ ಕೆಲವು ವಾರಗಳಲ್ಲಿ ಅದು ತಾನಾಗಿ ಹೋಗುತ್ತದೆ. ಆದರೆ ಎಂಟು ವರ್ಷ ಸಿಗರೇಟ್ ಸೇದಿದ ಬಾಯಿಯಲ್ಲಿ ಬಿಳಿ ಕಲೆ ಅಂದರೆ ಫೋಟೋ ನೋಡಿ, ಪತ್ರ ಓದಿ ತೀರ್ಮಾನ ಹೇಳುವುದು ತಪ್ಪು. ಇವತ್ತಿನಿಂದ ಆ ಜಾಗಕ್ಕೆ ಪೌಚ್ ಇಡಬೇಡಿ. ಎರಡು ವಾರ ಕಳೆದರೂ ಹಾಗೇ ಇದ್ದರೆ, ಮಧ್ಯೆ ಕೆಂಪಾದರೆ, ಗಟ್ಟಿಯಾದರೆ, ಹುಣ್ಣಾದರೆ, ಹತ್ತಿರದ ಡೆಂಟಲ್ ಕಾಲೇಜಿನ ಬಾಯಿ ರೋಗ ವಿಭಾಗಕ್ಕೆ ಹೋಗಿ ತೋರಿಸಿ. ಜೊತೆಗೆ ವಸಡನ್ನೂ ನೋಡಿಸಿ. ಸಿಗರೇಟ್ ಸೇದುವವರ ವಸಡಿನಲ್ಲಿ ರೋಗ ಇದ್ದರೂ ರಕ್ತ ಬರುವುದು ಕಡಿಮೆ, ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಮೂಳೆ ಕರಗುತ್ತಿರುತ್ತದೆ. ಪೌಚ್ ಇಡುವ ಕಡೆ ವಸಡು ಹಿಂದೆ ಸರಿದು ಹಲ್ಲಿನ ಬೇರು ಕಾಣಿಸಿಕೊಂಡರೆ, ಅದು ಮೊದಲಿನಂತೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಇನ್ನು ಆ ಎರಡು ಸಿಗರೇಟ್. ನಿಮಗೆ ಅದು ಚಿಕ್ಕದು ಅನ್ನಿಸುತ್ತಿದೆ, ನನಗೆ ನಿಮ್ಮ ಇಡೀ ಪತ್ರದಲ್ಲಿ ಮಗಳ ವಿಷಯ ಬಿಟ್ಟರೆ ಅದೇ ದೊಡ್ಡದಾಗಿ ಕಂಡಿತು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಹೇಳುವುದು ಹೀಗೆ: ದಿನಕ್ಕೆ ಒಂದೇ ಸಿಗರೇಟ್ ಸೇದುವವರಿಗೂ, 20 ಸೇದುವವರಿಗೆ ಇರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಇರುತ್ತದೆ. ಇಪ್ಪತ್ತನೇ ಒಂದು ಭಾಗ ಇರುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಶ್ವಾಸಕೋಶದ ಕ್ಯಾನ್ಸರಿನ ಲೆಕ್ಕ ಬೇರೆ, ಅಲ್ಲಿ ಕಡಿಮೆ ಮಾಡಿದಷ್ಟೂ ಅಪಾಯ ಇಳಿಯುತ್ತದೆ. ಹೃದಯ ಹಾಗೆ ಲೆಕ್ಕ ಹಾಕುವುದಿಲ್ಲ. ಪೌಚಿನಿಂದ ಬರಬೇಕಾದ ಲಾಭವನ್ನು ಆ ಎರಡು ಸಿಗರೇಟ್ ತಿಂದುಹಾಕುತ್ತಿವೆ.

ಹಾಗಾಗಿ ನಾನು ನಿಮಗೆ ಹೇಳುವ ಕ್ರಮ ಇದು. ಮೊದಲು ಸಿಗರೇಟ್ ಸೊನ್ನೆ ಮಾಡಿ, ಆ ಎರಡು ಹೊತ್ತಿಗೆ ಪೌಚ್ ಬೇಕಾದರೆ ಇಟ್ಟುಕೊಳ್ಳಿ, ಪರವಾಗಿಲ್ಲ. ಬೆಳಗಿನದು ಕಷ್ಟ ಆಗುತ್ತದೆ. ಫಿಲ್ಟರ್ ಕಾಫಿ ಲೋಟ ಕೈಗೆ ಬಂದ ತಕ್ಷಣ ಇನ್ನೊಂದು ಕೈ ಜೇಬಿಗೆ ಹೋಗುತ್ತದೆ, ಎಂಟು ವರ್ಷದ ಅಭ್ಯಾಸ ಅದು. ಒಂದು ತಿಂಗಳು ಬಾಲ್ಕನಿಗೆ ಹೋಗದೆ ಅಡುಗೆಮನೆಯಲ್ಲೇ ನಿಂತು ಕಾಫಿ ಕುಡಿಯಿರಿ. ಕಾಫಿಯ ಬಗ್ಗೆ ಇನ್ನೊಂದು ಮಾತು, ಇದು ಬಹಳ ಜನರಿಗೆ ಗೊತ್ತಿಲ್ಲ. ಸಿಗರೇಟಿನ ಹೊಗೆ ನಿಮ್ಮ ಲಿವರಿನಲ್ಲಿ ಕಾಫಿಯ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಇದು ನಿಕೋಟಿನ್ ಮಾಡುವ ಕೆಲಸ ಅಲ್ಲ, ಹೊಗೆಯದ್ದು. ಹೊಗೆ ನಿಂತರೆ ಅದೇ ನಾಲ್ಕು ಲೋಟ ಕಾಫಿ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಕೈ ನಡುಕ, ಎದೆ ಢವಢವ, ನಿದ್ದೆ ಇಲ್ಲ. ಜನ ಇದನ್ನು ಸಿಗರೇಟ್ ಬಿಟ್ಟಿದ್ದಕ್ಕೆ ಆಗುತ್ತಿದೆ ಅಂತ ತಿಳಿದು ಮತ್ತೆ ಹಚ್ಚುತ್ತಾರೆ. ನಾಲ್ಕು ಲೋಟ ಇದ್ದರೆ ಎರಡು ಮಾಡಿಕೊಳ್ಳಿ.

ಸಿಗರೇಟ್ ಇಲ್ಲದೆ ಒಂದು ತಿಂಗಳು ಕಳೆದ ಮೇಲೆ ಪೌಚ್ ಬಿಡುವುದಕ್ಕೆ ಕೈ ಹಾಕಿ. ಇಲ್ಲಿ ಎರಡು ದಾರಿ ಇವೆ. ಪೌಚಿನಲ್ಲೇ 6ರಿಂದ 3 ಮಿಲಿಗ್ರಾಂಗೆ ಇಳಿದು, ವಾರಕ್ಕೊಂದು ಕಡಿಮೆ ಮಾಡುತ್ತಾ ಹೋಗುವುದು ಒಂದು. ರಾತ್ರಿ ಎಂಟರ ನಂತರ ಇಲ್ಲ ಅನ್ನುವ ನಿಯಮದಿಂದ ಶುರು ಮಾಡಿದರೆ ನಿದ್ದೆಯೂ ಸರಿಯಾಗುತ್ತದೆ. ಆದರೆ ಸಿಗರೇಟ್ ಬಿಡಿಸಲು ಪೌಚ್ ಎಷ್ಟು ಕೆಲಸ ಮಾಡುತ್ತದೆ ಅನ್ನುವ ಅಧ್ಯಯನಗಳು ಇದುವರೆಗೆ ಕೆಲವೇ, ಸಣ್ಣವು. ಗೆಳೆಯ ತಂದುಕೊಟ್ಟ ಡಬ್ಬಿಯ ಗುಣಮಟ್ಟವನ್ನು ಇಲ್ಲಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಕೆಲವು ದೇಶಗಳಲ್ಲಿ 15, 20 ಮಿಲಿಗ್ರಾಂ ಚೀಲಗಳೂ ಇವೆ, ಅದೇ ಪುದೀನ ಚಿತ್ರ, ನೋಡದೆ ಇಟ್ಟುಕೊಂಡರೆ ತಲೆ ತಿರುಗಿ ಬೀಳುತ್ತೀರಿ.

ಎರಡನೆಯ ದಾರಿ ನನಗೆ ಇಷ್ಟ. ಔಷಧಿಯಾಗಿ ಪರೀಕ್ಷೆಯಾದ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸಿಕೊಳ್ಳುವ ಪ್ಯಾಚ್. ಇವು ಬಿಡುವ ಸಾಧ್ಯತೆಯನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತವೆ ಅಂತ ನೂರಕ್ಕೂ ಜಾಸ್ತಿ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಕಂಡಿದೆ, ಪ್ಯಾಚ್ ಜೊತೆಗೆ ಗಮ್ ಸೇರಿದರೆ ಇನ್ನೂ ಒಳ್ಳೆಯದು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ 2 ಮಿಲಿಗ್ರಾಂ ಗಮ್ ಚೀಟಿ ಇಲ್ಲದೆ ಸಿಗುತ್ತದೆ, 4 ಮಿಲಿಗ್ರಾಂಗೆ ಡಾಕ್ಟರ ಚೀಟಿ ಬೇಕು. "ಗಮ್ ಟ್ರೈ ಮಾಡಿದೆ ಸಾರ್, ಕೆಲಸ ಮಾಡಲಿಲ್ಲ" ಅನ್ನುವ ಹತ್ತು ಜನರಲ್ಲಿ ಎಂಟು ಜನ ಅದನ್ನು ಚ್ಯೂಯಿಂಗ್ ಗಮ್ ಥರ ಜಗಿದಿರುತ್ತಾರೆ. ನಿಧಾನಕ್ಕೆ ನಾಲ್ಕೈದು ಸಲ ಜಗಿದು, ಖಾರ ಬಂದ ತಕ್ಷಣ ಕೆನ್ನೆ ಮತ್ತು ವಸಡಿನ ನಡುವೆ ಇಡಬೇಕು. ಖಾರ ಹೋದ ಮೇಲೆ ಮತ್ತೆ ಜಗಿದು, ಇನ್ನೊಂದು ಪಕ್ಕ ಇಡಬೇಕು. ಹೀಗೆ ಅರ್ಧ ಗಂಟೆ. ಹದಿನೈದು ನಿಮಿಷ ಮುಂಚೆ ಕಾಫಿ, ಜ್ಯೂಸ್ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಹೋಗುವುದಿಲ್ಲ. ಮತ್ತೆ ಅದೇ ಸುಣ್ಣದ ಲೆಕ್ಕ. ಎದ್ದ ಅರ್ಧ ಗಂಟೆಯೊಳಗೆ ನಿಮಗೆ ಮೊದಲ ಸಿಗರೇಟೋ ಪೌಚೋ ಬೇಕಾದರೆ ಚಟ ಗಟ್ಟಿಯಾಗಿದೆ ಅಂತ ಅರ್ಥ, ಆಗ 2 ಮಿಲಿಗ್ರಾಂ ಸಾಲದೆ ಹೋಗಬಹುದು. ವರೆನಿಕ್ಲಿನ್ ಅನ್ನುವ ಮಾತ್ರೆಯೂ ಇದೆ, ಡಾಕ್ಟರನ್ನು ನೋಡಿಯೇ ತಗೊಳ್ಳಬೇಕು. ಮೊದಲ ಮೂರು ನಾಲ್ಕು ದಿನ ಸಿಡಿಮಿಡಿ ಜಾಸ್ತಿ, ಮನೆಯವರಿಗೆ ಮೊದಲೇ ಹೇಳಿಡಿ. ಮೂರು ನಾಲ್ಕು ವಾರದಲ್ಲಿ ಇಳಿಯುತ್ತದೆ. 1800-11-2356, ಇದು ತಂಬಾಕು ಬಿಡುವವರಿಗೆ ಸರ್ಕಾರದ ಉಚಿತ ಸಹಾಯವಾಣಿ, ಸಿಗರೇಟ್ ಪ್ಯಾಕಿನ ಮೇಲೇ ಬರೆದಿರುತ್ತದೆ. ಇಲ್ಲೇ ನಿಮ್ಹಾನ್ಸ್‌ನಲ್ಲಿ ಅದರ ಒಂದು ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ತಂದೆಯವರಿಗೆ ಪೌಚ್ ಕೊಡಬೇಡಿ. ಬಿಪಿ ಇರುವ 62ರ ದೇಹಕ್ಕೆ ಲೆಕ್ಕ ಗೊತ್ತಿಲ್ಲದ ನಿಕೋಟಿನ್ ಬೇಡ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಅಡಿಕೆ. ಅವರು ಹೊಗೆಸೊಪ್ಪಿನ ಬದಲು ಪೌಚ್ ಇಟ್ಟುಕೊಂಡು ಎಲೆ ಅಡಿಕೆ ಮುಂದುವರಿಸುತ್ತಾರೆ, ಅದು ಖಂಡಿತ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಹೊಗೆಗಿಂತ ಬಾಯಿಗೆ ಹಾಕುವ ತಂಬಾಕೇ ಜಾಸ್ತಿ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 8.8 ಜನ ಸೇದುವವರು, ಶೇ 16.3 ಜನ ಬಾಯಿಗೆ ಹಾಕುವವರು. ಕಿದ್ವಾಯಿ ಆಸ್ಪತ್ರೆಯ ಹೊರಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಸಾಲಿನಲ್ಲಿ ಕೂತಿರುವ ಹಿರಿಯರನ್ನು ನೋಡಿದರೆ ಈ ಅಂಕಿ ಬೇಡ ಅನ್ನಿಸುತ್ತದೆ.

"ಅಪ್ಪಾ, ಬಿಟ್ಟುಬಿಡಿ" ಅಂತ ಅವರಿಗೆ ಫೋನಿನಲ್ಲಿ ಹೇಳುವುದರಿಂದ ಏನೂ ಆಗುವುದಿಲ್ಲ, ನಲವತ್ತು ವರ್ಷದಲ್ಲಿ ಎಷ್ಟು ಜನ ಹೇಳಿರುತ್ತಾರೆ. ಈ ಸಲ ಊರಿಗೆ ಹೋದಾಗ ಅವರ ಬಾಯಿ ತೆರೆಸಿ, ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಲು ಹೇಳಿ. ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತದೆ ಅಂದರೆ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹಬ್ಬ ಮುಗಿಯಲಿ ಅಂತ ಕಾಯದೆ ಕರೆದುಕೊಂಡು ಬನ್ನಿ. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ತೋರಿಸಲೇಬೇಕು. ನಿಮ್ಮ ತುಟಿಯನ್ನೂ ಅದೇ ದಿನ ತೋರಿಸಿಕೊಳ್ಳಿ, ಮಗನೂ ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾನೆ ಅಂದರೆ ಅವರು ಅರ್ಧ ದಾರಿ ಒಪ್ಪುತ್ತಾರೆ. ಬರುವಾಗ ಬೀರುವಿನಿಂದ ಆ ಡಬ್ಬಿಯನ್ನೂ ಹೊರಗೆ ತೆಗೆದು ತನ್ನಿ, ಅದರ ಹಿಂದೆ ಬರೆದಿರುವುದನ್ನು ಓದಬೇಕು.